ಬಿಲದ ಅಳತೆ ಸರಿ ಇದ್ರೆ ಮರಿಮೀನು ಉಳಿಯತ್ತೆ: ಕೃತಕ ರೀಫ್ ಡಿಸೈನ್ ಬಗ್ಗೆ ಸ್ವಲ್ಪ ವಿವರವಾಗಿ

ಸಮುದ್ರದ ತಳಕ್ಕೆ ಏನೇ ಇಳಿಸಿ, ಮೀನು ಬರತ್ತೆ. ರೀಫ್ ಅಂದ್ರೆ ಸಮುದ್ರದೊಳಗಿನ ಬಂಡೆ ಅಥವಾ ಹವಳದ ದಿಬ್ಬ, ಅಂಥದ್ದನ್ನ ನಾವೇ ಮಾಡಿ ಇಟ್ರೆ ಅದು ಕೃತಕ ರೀಫ್. ಹಳೇ ಹಡಗು ಮುಳುಗಿಸಿ, ಕಾಂಕ್ರೀಟ್ ಪೈಪ್ ಹಾಕಿ, ಕಲ್ಲು ಸುರೀರಿ, ಸ್ವಲ್ಪ ದಿನದಲ್ಲೇ ಅದರ ಸುತ್ತ ಮೀನು ಓಡಾಡೋದು ಕಾಣತ್ತೆ, ಡೈವರ್‌ಗಳು ವಿಡಿಯೋ ತೆಗೀತಾರೆ, ಯೋಜನೆ ಸಕ್ಸಸ್ ಅಂತ ಸುದ್ದಿ ಬರತ್ತೆ. ಆ ಮೀನು ಎಲ್ಲಿಂದ ಬಂತು ಅಂತ ಕೇಳೋರು ಮಾತ್ರ ಕಮ್ಮಿ. ಅಕ್ಕಪಕ್ಕದ ಬಂಡೆಯಲ್ಲಿ ಆಗ್ಲೇ ಬೆಳೆದು ನಿಂತಿದ್ದ ಮೀನು ಇಲ್ಲಿಗೆ ಜಾಗ ಬದಲಾಯಿಸ್ತಾ, ಇಲ್ಲಾ ಉಗುರಿನಷ್ಟಿದ್ದಾಗ ಇಲ್ಲಿಗೆ ಬಂದು, ಇಲ್ಲೇ ಅಡಗಿ, ಇಲ್ಲೇ ತಿಂದು ದೊಡ್ಡದಾಯ್ತಾ? ಈ ಎರಡರ ಮಧ್ಯೆ ಇರೋ ವ್ಯತ್ಯಾಸ ಸಣ್ಣದಲ್ಲ. ಮೊದಲನೇದಾದ್ರೆ ಸಮುದ್ರದಲ್ಲಿ ಒಂದು ಮೀನೂ ಜಾಸ್ತಿ ಆಗ್ಲಿಲ್ಲ, ಚದುರಿಕೊಂಡಿದ್ದದ್ದು ಒಂದೇ ಕಡೆ ಗುಂಪಾಯ್ತು ಅಷ್ಟೇ.

ಅಮೆರಿಕದ ಮೀನುಗಾರಿಕಾ ವಿಜ್ಞಾನಿ ಜೇಮ್ಸ್ ಬಾನ್‌ಸ್ಯಾಕ್ 1989ರಲ್ಲೇ ಈ ಪ್ರಶ್ನೆನ ಗಟ್ಟಿಯಾಗಿ ಎತ್ತಿದ್ರು, ಕೃತಕ ರೀಫ್ ಮೇಲೆ ಮೀನು ದಟ್ಟವಾಗಿರೋದಕ್ಕೆ ಕಾರಣ ಅಲ್ಲಿ ನಿಜವಾಗ್ಲೂ ಜಾಗದ ಕೊರತೆ ನೀಗಿದ್ದಾ ಅಥವಾ ಮೀನಿಗೆ ಅಂಥ ಜಾಗ ಇಷ್ಟ ಅನ್ನೋದು ಅಷ್ಟೇನಾ ಅಂತ. ಅವತ್ತಿಂದ ಈ ಚರ್ಚೆ ನಡೀತಾನೇ ಇದೆ. ನನಗನ್ಸೋದು, ಇದಕ್ಕೆ ಉತ್ತರ ಹುಡುಕ್ಬೇಕಾದ್ರೆ ದೊಡ್ಡ ಮೀನನ್ನ ನೋಡ್ತಾ ಕೂತ್ರೆ ಆಗಲ್ಲ, ಮರಿ ಏನು ಮಾಡತ್ತೆ ಅಂತ ನೋಡ್ಬೇಕು. ಯಾಕಂದ್ರೆ ಮರಿಯ ನಡವಳಿಕೆನೇ ಎಲ್ಲಾನೂ ತೀರ್ಮಾನ ಮಾಡೋದು, ಎಲ್ಲಿ ಇಳಿಯತ್ತೆ, ಎಲ್ಲಿ ಅಡಗತ್ತೆ, ಊಟಕ್ಕೆ ಎಷ್ಟು ದೂರ ಹೋಗೋ ಧೈರ್ಯ ಮಾಡತ್ತೆ, ಯಾವಾಗ ಮನೆ ಬಿಟ್ಟು ಹೋಗತ್ತೆ. ಮತ್ತೆ ಆ ನಡವಳಿಕೆನ ತಿದ್ದೋದು ರೀಫ್‌ನ ಆಕಾರ, ಅದರ ಸಂದು, ಅದರ ಎತ್ತರ, ಅದರ ಪಕ್ಕದ ರೀಫ್ ಎಷ್ಟು ದೂರದಲ್ಲಿದೆ ಅನ್ನೋದು.

ಮೊದಲು ಮರಿ ಬರೋದು ಹೇಗೆ ಅಂತ ನೋಡೋಣ. ಬಂಡೆ, ಹವಳದ ದಿಬ್ಬಗಳಲ್ಲಿ ಇರೋ ಬಹುಪಾಲು ಮೀನುಗಳ ಬಾಲ್ಯ ಅಲ್ಲಿ ಕಳೆಯೋದೇ ಇಲ್ಲ. ಮೊಟ್ಟೆ ಒಡೆದ ಮೇಲೆ ಲಾರ್ವಾ, ಅಂದ್ರೆ ಎಳೇ ಮರಿ, ತೆರೆದ ನೀರಿಗೆ ಹೋಗಿ ಕೆಲವು ವಾರ ತೇಲಾಡತ್ತೆ, ಮೈ ಹೆಚ್ಚುಕಮ್ಮಿ ಗಾಜಿನ ಥರ ಪಾರದರ್ಶಕ, ತಿನ್ನೋದು ಪ್ಲಾಂಕ್ಟನ್, ಅಂದ್ರೆ ನೀರಲ್ಲಿ ತೇಲೋ ಸೂಕ್ಷ್ಮ ಜೀವಿಗಳು. ಆಮೇಲೆ ಒಂದು ರಾತ್ರಿ ತಳಕ್ಕೆ ಇಳಿಯತ್ತೆ. ಹೆಚ್ಚಿನವು ರಾತ್ರಿನೇ ಇಳಿಯೋದು, ಅದರಲ್ಲೂ ಬೆಳದಿಂಗಳು ಇಲ್ಲದ ಕತ್ತಲ ರಾತ್ರಿಗಳಲ್ಲಿ ಜಾಸ್ತಿ, ಹಗಲಲ್ಲಿ ಇಳಿದ್ರೆ ಕಾಣೋ ಬಾಯಿಗಳು ತುಂಬಾ ಇರ್ತವೆ. ಕತ್ತಲಲ್ಲಿ ದಾರಿ ಹೇಗೆ ಸಿಗತ್ತೆ ಅಂದ್ರೆ, ಸದ್ದು ಅದಕ್ಕೊಂದು ಮುಖ್ಯ ಸುಳಿವು. ಜೀವಂತ ರೀಫ್ ಯಾವತ್ತೂ ಸುಮ್ಮನಿರಲ್ಲ, ಸಿಗಡಿಗಳು ಚಟಪಟ ಅಂತಿರ್ತವೆ, ಮೀನುಗಳು ಗುರುಗುಟ್ತಿರ್ತವೆ, ಆ ಗದ್ದಲ ನೀರಲ್ಲಿ ದೂರದವರೆಗೆ ಕೇಳತ್ತೆ. ಆಸ್ಟ್ರೇಲಿಯಾದ ಲಿಜರ್ಡ್ ಐಲ್ಯಾಂಡ್ ಹತ್ರ ಸ್ಟೀವ್ ಸಿಂಪ್ಸನ್ ಮತ್ತೆ ಜೊತೆಗಾರರು ಸತ್ತ ಹವಳದ ಚೂರುಗಳನ್ನ ಗುಡ್ಡೆ ಮಾಡಿ ಚಿಕ್ಕ ಚಿಕ್ಕ ರೀಫ್ ಕಟ್ಟಿದ್ರು, ಕೆಲವಕ್ಕೆ ನೀರೊಳಗೆ ಸ್ಪೀಕರ್ ಇಟ್ಟು ರೀಫ್ ಸದ್ದು ಹಾಕಿದ್ರು, ಕೆಲವನ್ನ ಹಾಗೇ ಬಿಟ್ರು. ಬೆಳಗ್ಗೆ ಎಣಿಸಿದಾಗ ಸದ್ದು ಇದ್ದ ಕಡೆ ಹೆಚ್ಚು ಮರಿ ಬಂದಿಳಿದಿದ್ವು, ಇದು 2005ರಲ್ಲಿ ಪ್ರಕಟ ಆಯ್ತು. 2019ರಲ್ಲಿ ಟಿಮ್ ಗಾರ್ಡನ್ ತಂಡ ಅದೇ ಜಾಗದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಾಳಾದ ರೀಫ್ ಇರೋ ಕಡೆ 40 ದಿನ ಆರೋಗ್ಯವಂತ ರೀಫ್‌ನ ಸದ್ದು ಹಾಕಿ, ಮೀನಿನ ಸಂಖ್ಯೆ ಹೆಚ್ಚುಕಮ್ಮಿ ಎರಡರಷ್ಟು ಆಗಿದ್ದನ್ನ ತೋರಿಸ್ತು.

ಇದನ್ನ ಓದಿದ ತಕ್ಷಣ ಹಾಗಾದ್ರೆ ಎಲ್ಲಾ ಕಡೆ ಸ್ಪೀಕರ್ ಇಟ್ಬಿಡೋಣ ಅನ್ಸತ್ತೆ. ಆದ್ರೆ ಕರೆಯೋದು ಬೇರೆ, ಬಂದವರನ್ನ ಉಳಿಸಿಕೊಳ್ಳೋದು ಬೇರೆ. ಗ್ಲೆನ್ ಅಲ್ಮನಿ ಮತ್ತೆ ಮೈಕಲ್ ವೆಬ್‌ಸ್ಟರ್ 2006ರಲ್ಲಿ ಬೇರೆ ಬೇರೆ ಜಾಗಗಳ ಅಧ್ಯಯನಗಳನ್ನ ಒಟ್ಟು ಹಾಕಿ ಲೆಕ್ಕ ಮಾಡಿದ್ರು, ಹವಳದ ದಿಬ್ಬಕ್ಕೆ ಬಂದಿಳಿಯೋ ಮರಿಗಳಲ್ಲಿ ಸರಾಸರಿ ಸುಮಾರು 56% ಮೊದಲ ಒಂದೆರಡು ದಿನದಲ್ಲೇ ಖಾಲಿ. ವಾರಗಟ್ಟಲೆ ತೆರೆದ ಸಮುದ್ರದಲ್ಲಿ ಬದುಕಿ ಬಂದು, ನೆಲ ಸಿಕ್ತು ಅನ್ನೋ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಯಾರದ್ದೋ ಹೊಟ್ಟೆ ಸೇರ್ತವೆ. ನಿನ್ನೆ ರಾತ್ರಿವರೆಗೆ ಅವುಗಳ ಲೋಕದಲ್ಲಿ ಗೋಡೆ ಅನ್ನೋದೇ ಇರ್ಲಿಲ್ಲ, ಬಿಲ ಅನ್ನೋದೇ ಇರ್ಲಿಲ್ಲ, ಈಗ ಒಂದೇ ರಾತ್ರಿಯಲ್ಲಿ ಎಲ್ಲಿ ನುಗ್ಗಬೇಕು ಅಂತ ಗೊತ್ತಾಗ್ಬೇಕು. ಕೃತಕ ರೀಫ್ ಡಿಸೈನ್‌ನ ನಿಜವಾದ ಪರೀಕ್ಷೆ ಈ ಎರಡು ದಿನ. ಆರು ತಿಂಗಳ ಮೇಲೆ ತೆಗೆಯೋ ವಿಡಿಯೋದಲ್ಲಿ ಇದು ಕಾಣ್ಸೋದೇ ಇಲ್ಲ.

ಈಗ ಬಿಲದ ವಿಷಯಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ನಿಲ್ಲೋಣ. ಮಾರ್ಕ್ ಹಿಕ್ಸನ್ ಮತ್ತೆ ಜೇಮ್ಸ್ ಬೀಟ್ಸ್ ಅನ್ನೋ ಇಬ್ಬರು ಕೆರಿಬಿಯನ್‌ನ ವರ್ಜಿನ್ ಐಲ್ಯಾಂಡ್ಸ್‌ನಲ್ಲಿ ಕಾಂಕ್ರೀಟ್ ಬ್ಲಾಕ್ ಪೇರಿಸಿ ರೀಫ್ ಮಾಡಿದ್ರು, ಅವರ ಫಲಿತಾಂಶ 1989 ಮತ್ತೆ 1993ರಲ್ಲಿ ಬಂತು. ಎಲ್ಲಾ ರೀಫ್‌ಗಳ ಗಾತ್ರ ಒಂದೇ, ವಸ್ತು ಒಂದೇ, ಬದಲಾಯಿಸಿದ್ದು ಬಿಲ ಮಾತ್ರ. ಕೆಲವಕ್ಕೆ ಬಿಲವೇ ಇಲ್ಲ, ಕೆಲವಕ್ಕೆ ಕಮ್ಮಿ, ಕೆಲವಕ್ಕೆ ಜಾಸ್ತಿ, ಕೆಲವು ರೀಫ್‌ನಲ್ಲಿ ಬರೀ ಸಣ್ಣ ಬಿಲ, ಕೆಲವದರಲ್ಲಿ ಬರೀ ದೊಡ್ಡ ಬಿಲ. ಬಿಲ ಜಾಸ್ತಿ ಇದ್ದಲ್ಲಿ ಮೀನು ಜಾಸ್ತಿ ಆಗಿದ್ದು ಆಶ್ಚರ್ಯ ಏನಲ್ಲ. ಸಣ್ಣ ಬಿಲದ ರೀಫ್‌ನಲ್ಲಿ ಸಣ್ಣ ಮೀನು ತುಂಬಿಕೊಂಡ್ವು, ದೊಡ್ಡ ಬಿಲದ ರೀಫ್‌ಗೆ ಹಾವುಮೀನು, ಗ್ರೂಪರ್ ಥರದ ಬೇಟೆಗಾರ ಮೀನು ಬಂದು ಸೇರಿದ್ವು, ಮತ್ತೆ ಎಲ್ಲಿ ಬೇಟೆಗಾರರು ಜಾಸ್ತಿಯೋ ಅಲ್ಲಿ ಸಣ್ಣ ಮೀನಿನ ಗರಿಷ್ಠ ಸಂಖ್ಯೆ ಕಮ್ಮಿ. ಅಂದ್ರೆ ಅದೇ ಕಾಂಕ್ರೀಟ್, ಅದೇ ಖರ್ಚು, ಅದೇ ನೀರು, ರಂಧ್ರದ ಅಳತೆ ಬದಲಾದ್ರೆ ಒಂದು ರೀಫ್ ಮರಿಗಳಿಗೆ ಆಸರೆ, ಇನ್ನೊಂದು ಬೇಟೆಗಾರನ ಊಟದ ಜಾಗ.

ಯಾಕೆ ಹೀಗೆ ಅಂತ ಮರಿಯ ಕಡೆಯಿಂದ ಯೋಚನೆ ಮಾಡಿ ನೋಡಿ. ಇಲಿ ಬಿಲಕ್ಕೆ ಬೆಕ್ಕು ತೂರೋ ಹಾಗಿದ್ರೆ ಅದು ಇಲಿಗೆ ಬಿಲವೇ ಅಲ್ಲ. ಮೂರು ಸೆಂಟಿಮೀಟರ್ ಉದ್ದದ ಮರಿಗೆ ಅದರ ಮೈ ದಪ್ಪಕ್ಕೆ ಹೆಚ್ಚುಕಮ್ಮಿ ಸರಿಹೋಗೋ ಸಂದು ಬೇಕು, ತಾನು ತೂರಬೇಕು, ತನ್ನ ಹಿಂದೆ ಬರೋನು ತೂರಬಾರದು. ಮೂವತ್ತು ಸೆಂಟಿಮೀಟರ್ ಅಗಲದ ಪೈಪ್ ಅದಕ್ಕೆ ಆಸರೆನೇ ಅಲ್ಲ, ಒಳಗೆ ಕತ್ತಲು ಇರೋದ್ರಿಂದ ಇನ್ನೂ ಅಪಾಯ, ಯಾಕಂದ್ರೆ ಅಲ್ಲಿ ಆಗ್ಲೇ ಯಾರೋ ಕೂತಿರ್ತಾರೆ. ಹಾಗಂತ ಬರೀ ಸಣ್ಣ ರಂಧ್ರ ಮಾಡಿದ್ರೂ ಸಾಲಲ್ಲ. ಮರಿ ಬೆಳೀತಾ ಹೋಗತ್ತೆ, ಮೊನ್ನೆ ಸರಿಹೋಗ್ತಿದ್ದ ಬಿಲ ಈಗ ಬಿಗಿ, ಮುಂದಿನ ಅಳತೆಯ ಬಿಲ ಪಕ್ಕದಲ್ಲೇ ಇಲ್ಲದಿದ್ರೆ ಅದು ಬಯಲಿಗೆ ಬೀಳತ್ತೆ. ಎಲ್ಲಾ ಅಳತೆಯ ಸಂದುಗಳು ಒಂದರ ಪಕ್ಕ ಒಂದು ಇರ್ಬೇಕು, ನೈಸರ್ಗಿಕ ಹವಳದ ದಿಬ್ಬದಲ್ಲಿ, ಒಡೆದ ಕಲ್ಲಿನ ರಾಶಿಯಲ್ಲಿ ಇದು ತಾನಾಗೇ ಇರತ್ತೆ, ಅಚ್ಚಿನಲ್ಲಿ ಹೊಯ್ದ ಕಾಂಕ್ರೀಟ್‌ನಲ್ಲಿ ನಾವೇ ಯೋಚಿಸಿ ಇಡಬೇಕು.

ಫ್ಲಾರಿಡಾ ಕರಾವಳಿಯಲ್ಲಿ ರೀಫ್ ಬಾಲ್ ಅನ್ನೋ ಟೊಳ್ಳು ಗುಮ್ಮಟಗಳ ಮೇಲೆ ಮಾಡಿದ ಒಂದು ಪ್ರಯೋಗ ಇದನ್ನೇ ಸರಳವಾಗಿ ತೋರಿಸತ್ತೆ, 2002ರಲ್ಲಿ ಪ್ರಕಟವಾಗಿದ್ದು. ಕೆಲವು ಗುಮ್ಮಟಗಳ ಹೊಟ್ಟೆನ ಖಾಲಿ ಬಿಟ್ರು, ಕೆಲವದರ ಒಳಗೆ ಕಾಂಕ್ರೀಟ್ ಬ್ಲಾಕ್ ತುಂಬಿದ್ರು. ಹೊರಗಿಂದ ನೋಡೋಕೆ ಎರಡೂ ಒಂದೇ. ಆದ್ರೆ ಒಳಗೆ ಬ್ಲಾಕ್ ತುಂಬಿದ್ದರಲ್ಲಿ ಮೀನಿನ ಸಂಖ್ಯೆನೂ ಜಾಸ್ತಿ, ಜಾತಿಗಳೂ ಜಾಸ್ತಿ. ದೊಡ್ಡ ಖಾಲಿ ಜಾಗ ಒಡೆದು ಚಿಕ್ಕ ಚಿಕ್ಕ ಸಂದು ಆಯ್ತು, ಅಷ್ಟೇ ಸಾಕಾಯ್ತು.

ಅಡಗೋದು ಒಂದು ಅರ್ಧ, ತಿನ್ನೋದು ಇನ್ನೊಂದು ಅರ್ಧ, ಮತ್ತೆ ಇವೆರಡೂ ಯಾವಾಗ್ಲೂ ಜಗಳ ಆಡ್ತಿರ್ತವೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಗೊಟ್ಸೀಟಾಸ್ ಮತ್ತೆ ಬ್ರೌನ್ 1993ರಲ್ಲಿ ಕಾಡ್ ಮೀನಿನ ಮರಿಗಳನ್ನ ಟ್ಯಾಂಕ್‌ನಲ್ಲಿಟ್ಟು ನೋಡಿದ್ರು, ತಳದಲ್ಲಿ ಮರಳು, ಸಣ್ಣ ಜಲ್ಲಿ, ದಪ್ಪ ಉಂಡೆಕಲ್ಲು ಇಟ್ಟು ಯಾವುದು ಬೇಕೋ ಆರಿಸ್ಕೊಳ್ಳಿ ಅಂತ ಬಿಟ್ರು. ಬೇಟೆಗಾರ ಇಲ್ಲದಾಗ ಮರಿಗಳು ಮರಳು, ಜಲ್ಲಿ ಮೇಲೇ ಇದ್ವು, ಉಂಡೆಕಲ್ಲಿನ ಕಡೆ ಅಷ್ಟು ಆಸಕ್ತಿ ಇಲ್ಲ. ದೊಡ್ಡ ಮೀನನ್ನ ತಂದು ಬಿಟ್ಟಾಗ ಆಟವೇ ಬದಲಾಯ್ತು, ಮರಿಗಳು ಉಂಡೆಕಲ್ಲುಗಳ ಸಂದಿಗೆ ನುಗ್ಗಿ ಕೂತ್ವು, ಮತ್ತೆ ಉಂಡೆಕಲ್ಲು ಇದ್ದ ಕಡೆ ಸಿಕ್ಕಿಬಿದ್ದ ಮರಿಗಳೂ ಕಮ್ಮಿ. ಇದರಲ್ಲಿ ನನಗೆ ಮುಖ್ಯ ಅನ್ಸಿದ್ದು ಮೊದಲನೇ ಭಾಗ. ಅಪಾಯ ಇಲ್ಲದಾಗ ನೋಡಿದ್ರೆ ಈ ಮರಿಗೆ ಕಲ್ಲು ಬೇಡವೇ ಬೇಡ ಅಂತ ಬರ್ಕೊಂಡು ಬಿಡ್ತೀವಿ. ಮರಿ ದಿನದ ಬಹುಪಾಲು ಎಲ್ಲಿರತ್ತೆ ಅನ್ನೋದನ್ನ ಮಾತ್ರ ನೋಡಿ ಡಿಸೈನ್ ಮಾಡೋಕಾಗಲ್ಲ, ಭಯ ಆದಾಗ ಎಲ್ಲಿಗೆ ಓಡತ್ತೆ ಅನ್ನೋದು ಬೇಕು.

ಭಯ ಸಾಯಿಸದಿದ್ರೂ ನಷ್ಟ ಮಾಡತ್ತೆ. ಅರ್ಲ್ ವರ್ನರ್ ಮತ್ತೆ ಸಂಗಡಿಗರು 1983ರಲ್ಲಿ ಕೆರೆಯಲ್ಲಿ ಬ್ಲೂಗಿಲ್ ಅನ್ನೋ ಸಿಹಿನೀರಿನ ಮೀನಿನ ಮೇಲೆ ಮಾಡಿದ ಪ್ರಯೋಗ ಇದಕ್ಕೆ ತುಂಬಾ ಹೆಸರುವಾಸಿ. ಕೆರೆಯ ಒಂದು ಭಾಗದಲ್ಲಿ ಬಾಸ್ ಅನ್ನೋ ಬೇಟೆಗಾರ ಮೀನು ಇತ್ತು, ಇನ್ನೊಂದರಲ್ಲಿ ಇಲ್ಲ. ಬಾಸ್ ಬಾಯಿಗೆ ಹಿಡಿಸದಷ್ಟು ದೊಡ್ಡ ಬ್ಲೂಗಿಲ್‌ಗಳು ಎರಡೂ ಕಡೆ ಆರಾಮಾಗಿ ಬಯಲಲ್ಲಿ ಮೇಯ್ದ್ವು. ಸಣ್ಣವು ಬಾಸ್ ಇದ್ದ ಕಡೆ ಜಲಸಸ್ಯದ ಒಳಗೇ ಉಳಿದ್ವು, ಅಲ್ಲಿ ಆಹಾರ ಕಮ್ಮಿ ಅಂತ ಗೊತ್ತಿದ್ರೂನೂ, ಹಾಗಾಗಿ ನಿಧಾನ ಬೆಳೆದ್ವು. ನಿಧಾನ ಬೆಳೆದ್ರೆ ಏನಾಗತ್ತೆ ಅಂದ್ರೆ, ತಿನ್ನಿಸ್ಕೊಳ್ಳೋ ಸೈಜಿನಲ್ಲೇ ಜಾಸ್ತಿ ದಿನ ಇರ್ಬೇಕಾಗತ್ತೆ, ಅಪಾಯ ಇನ್ನೂ ಉದ್ದ ಆಗತ್ತೆ.

ಇದನ್ನ ಸಮುದ್ರದ ರೀಫ್‌ಗೆ ಹಾಕಿ ನೋಡಿದ್ರೆ ಡಿಸೈನ್ ಪ್ರಶ್ನೆ ಸ್ಪಷ್ಟ ಆಗತ್ತೆ: ಬಿಲದ ಬಾಯಿಂದ ಊಟಕ್ಕೆ ಎಷ್ಟು ದೂರ? ಜಾನ್ ರಾಂಡಲ್ 1960ರ ಸುಮಾರಿಗೆ ವರ್ಜಿನ್ ಐಲ್ಯಾಂಡ್ಸ್‌ನಲ್ಲಿ ಕಡಲಹುಲ್ಲಿನ ಬಯಲಿನ ಮಧ್ಯೆ ಸುಮಾರು 800 ಕಾಂಕ್ರೀಟ್ ಬ್ಲಾಕ್ ಪೇರಿಸಿ ಒಂದು ರೀಫ್ ಕಟ್ಟಿದ್ರು. ಸ್ವಲ್ಪ ಕಾಲ ಆದ್ಮೇಲೆ ರೀಫ್ ಸುತ್ತ ಹುಲ್ಲೇ ಇಲ್ಲದ ಬರೀ ಮರಳಿನ ಒಂದು ಉಂಗುರ ಕಾಣಿಸ್ಕೊಳ್ತು, ಅದರಾಚೆ ಹುಲ್ಲು ಹಾಗೇ ಇದೆ. ಪ್ಯಾರಟ್‌ಫಿಶ್, ಸರ್ಜನ್‌ಫಿಶ್ ಥರದ ಮೀನುಗಳು ರೀಫ್ ಬಿಟ್ಟು ಓಡಿ ವಾಪಸ್ ಬರೋಕೆ ಆಗೋವಷ್ಟು ದೂರ ಮಾತ್ರ ಹೋಗಿ ಮೇಯ್ದಿದ್ವು. ಆ ಉಂಗುರದ ಅಂಚು ಅಂದ್ರೆ ಮೀನಿನ ಧೈರ್ಯದ ಅಂಚು, ನೆಲದ ಮೇಲೆ ಗೆರೆ ಎಳೆದ ಹಾಗೆ. ಚದರ ಮೀಟರ್ ಲೆಕ್ಕದಲ್ಲಿ ಆ ರೀಫ್‌ನ ಮೀನಿನ ತೂಕ ಪಕ್ಕದ ನೈಸರ್ಗಿಕ ರೀಫ್‌ಗಿಂತ ಹತ್ತು ಪಟ್ಟಿಗೂ ಮೀರಿ ಇತ್ತು, ಆದ್ರೆ ಅದಕ್ಕೆ ಊಟ ಕೊಟ್ಟಿದ್ದು ಕಾಂಕ್ರೀಟ್ ಒಂದೇ ಅಲ್ಲ, ಸುತ್ತಲಿನ ಹುಲ್ಲುಬಯಲು. ಅದೇ ರೀಫ್‌ನ ಬೋಳು ಕೆಸರಿನ ಮೇಲೆ ಇಟ್ಟಿದ್ರೆ ಆ ಲೆಕ್ಕ ಬರ್ತಿರ್ಲಿಲ್ಲ. ಎಲ್ಲಿ ಇಡ್ತೀವಿ ಅನ್ನೋದೂ ಡಿಸೈನೇ.

ಪ್ಲಾಂಕ್ಟನ್ ತಿನ್ನೋ ಮರಿಗಳದ್ದು ಬೇರೆ ಲೆಕ್ಕ, ಅವು ಊಟಕ್ಕೆ ಹೋಗಲ್ಲ, ಊಟ ಬರೋ ಕಡೆ ನಿಲ್ತವೆ. ಪ್ರವಾಹ, ಅಂದ್ರೆ ಸಮುದ್ರದೊಳಗಿನ ನೀರಿನ ಹರಿವು, ಬರೋ ದಿಕ್ಕಿಗೆ ಮುಖ ಮಾಡಿ, ರೀಫ್‌ನ ಆ ಬದಿಯಲ್ಲಿ ಗುಂಪಾಗಿ ತೇಲ್ತಾ, ತೇಲಿಬರೋ ಸಣ್ಣ ಜೀವಿಗಳನ್ನ ಒಂದೊಂದೇ ಹೆಕ್ಕಿ ತಿಂತವೆ, ನೆರಳು ಹಾದ್ರೆ ಸಾಕು ಎಲ್ಲಾ ಒಟ್ಟಿಗೆ ಕೆಳಕ್ಕೆ ಬಿದ್ದು ಸಂದಿಗೆ ಮಾಯ. ಹಾಗಾಗಿ ಇವಕ್ಕೆ ಬಿಲ ಇರ್ಬೇಕಾದ್ದು ಪ್ರವಾಹ ಬಡಿಯೋ ಬದಿಯಲ್ಲಿ, ಹಿಂಬದಿಯಲ್ಲಿ ಎಷ್ಟು ಚೆಂದದ ಗೂಡು ಇದ್ರೂ ತಿನ್ನೋ ಹೊತ್ತಿಗೆ ಉಪಯೋಗಕ್ಕೆ ಬರಲ್ಲ. ಪ್ರವಾಹ ಜೋರಾದಾಗ ಮಾತ್ರ ಹಿಂಬದಿಯ ಸುಳಿನೀರಿಗೆ ಬಂದು ನಿಲ್ತವೆ, ಈಜೋ ಶ್ರಮ ಕಮ್ಮಿ. ನೆರಳಿನ ಉಪಯೋಗನೂ ಇದೆ, ಜೀನ್ ಹೆಲ್ಫ್‌ಮನ್ 1981ರಲ್ಲಿ ತೋರಿಸಿದ ಹಾಗೆ ನೆರಳಲ್ಲಿ ನಿಂತ ಮೀನಿಗೆ ಬಿಸಿಲಲ್ಲಿ ಬರೋದು ದೂರದಿಂದಲೇ ಕಾಣತ್ತೆ, ಬಿಸಿಲಲ್ಲಿರೋದಕ್ಕೆ ನೆರಳಲ್ಲಿರೋದು ಸುಲಭಕ್ಕೆ ಕಾಣಲ್ಲ. ಚಾಚಿಕೊಂಡ ಒಂದು ಚಪ್ಪಡಿ ಅಷ್ಟು ಕೆಲಸ ಮಾಡತ್ತೆ. ಆದ್ರೆ ಅದೇ ನೆರಳನ್ನ ಬೇಟೆಗಾರನೂ ಬಳಸ್ತಾನೆ, ಅದನ್ನ ಮರೀಬಾರದು.

ಇನ್ನು ಜನಸಂದಣಿ, ಅಂದ್ರೆ ಮೀನುಸಂದಣಿ. ಹಿಕ್ಸನ್ ಮತ್ತೆ ಮಾರ್ಕ್ ಕಾರ್ ಬಹಾಮಾಸ್‌ನಲ್ಲಿ ನೀಲಿ ಕ್ರೋಮಿಸ್ ಮರಿಗಳನ್ನ ಚಿಕ್ಕ ರೀಫ್‌ಗಳ ಮೇಲೆ ಬೇರೆ ಬೇರೆ ಸಂಖ್ಯೆಯಲ್ಲಿ ಬಿಟ್ಟು ನೋಡಿದ್ರು, ಅದು 1997ರಲ್ಲಿ ಬಂತು. ರೀಫ್‌ನಲ್ಲೇ ವಾಸ ಮಾಡೋ ಬೇಟೆಗಾರರು ಕೆಳಗಿಂದ, ಅಡ್ಡಾಡಿಕೊಂಡು ಬರೋ ಬೇಟೆಗಾರರು ಮೇಲಿಂದ, ಇಬ್ಬರೂ ಇದ್ದ ಕಡೆ ಮರಿ ದಟ್ಟ ಆದಷ್ಟೂ ಸಾವಿನ ಪ್ರಮಾಣನೂ ಏರ್ತು. ಮೇಲಿನವರಿಗೆ ಹೆದರಿ ಕೆಳಗೆ ಹೋದ್ರೆ ಕೆಳಗಿನವರು ಹಿಡೀತಾರೆ. ಇದರಿಂದ ಡಿಸೈನ್ ಮಾಡೋರು ತಿಳ್ಕೊಬೇಕಾದ್ದು, ಒಂದೇ ಕಡೆ ಸಾವಿರ ಮರಿ ಸೇರಿಸೋದು ದೊಡ್ಡಸ್ತಿಕೆ ಏನಲ್ಲ ಅಂತ.

ಹಾಗಾದ್ರೆ ಒಂದು ದೊಡ್ಡ ರೀಫಾ, ಹತ್ತು ಚಿಕ್ಕದಾ? ಬಾನ್‌ಸ್ಯಾಕ್ ಮತ್ತೆ ಸಂಗಡಿಗರು 1994ರಲ್ಲಿ ಫ್ಲಾರಿಡಾದಲ್ಲಿ ಇದನ್ನೇ ನೋಡಿದ್ರು, ಚಿಕ್ಕ ರೀಫ್‌ಗಳಲ್ಲಿ ಮೀನು ದಟ್ಟ, ದೊಡ್ಡ ರೀಫ್‌ನಲ್ಲಿ ಮೀನು ಕಮ್ಮಿ ಆದ್ರೆ ಒಂದೊಂದೂ ದೊಡ್ಡದು, ಅಷ್ಟೇ ಸಾಮಾನನ್ನ ಹಂಚಿ ಹಲವು ಚಿಕ್ಕ ರೀಫ್ ಮಾಡಿದ್ರೆ ಸಂಖ್ಯೆಯೂ ಜಾತಿಗಳೂ ಹೆಚ್ಚು. ಗಲ್ಫ್ ಆಫ್ ಮೆಕ್ಸಿಕೋದ ರೆಡ್ ಸ್ನ್ಯಾಪರ್ ಅನ್ನೋ ಮೀನಿನಲ್ಲಿ ಇದು ಇನ್ನೂ ನೇರವಾಗಿ ಕಾಣತ್ತೆ. ಅದರ ಮರಿಗಳು ಮೊದಲು ಇಳಿಯೋದು ಚಿಪ್ಪಿನ ಚೂರುಗಳಿರೋ ತಗ್ಗು ತಳಕ್ಕೆ, ಎತ್ತರದ ರೀಫ್‌ಗೆ ಬರೋದು ಬೆಳೆದ ಮೇಲೆ. ಅಲಬಾಮಾ ಕರಾವಳಿಯ ಅಧ್ಯಯನಗಳಲ್ಲಿ ದೊಡ್ಡ ರೀಫ್‌ಗೆ ಹತ್ತಿರ ಇಟ್ಟ ಚಿಕ್ಕ ರೀಫ್‌ಗಿಂತ ದೂರ ಇಟ್ಟ ಚಿಕ್ಕ ರೀಫ್‌ನಲ್ಲಿ ವರ್ಷ ತುಂಬದ ಮರಿಗಳು ಜಾಸ್ತಿ ಸಿಕ್ಕಿದ್ವು. ದೊಡ್ಡ ಸ್ನ್ಯಾಪರ್ ಇರೋ ಕಡೆ ಸಣ್ಣ ಸ್ನ್ಯಾಪರ್ ನಿಲ್ಲಲ್ಲ, ಸ್ವಂತ ಜಾತಿಯವರೇ ಆದ್ರೂ. ಮರಿಗಳಿಗೆ ಅಂತ ಹಾಕೋ ರೀಫ್‌ನ ದೊಡ್ಡ ರೀಫ್‌ನ ಪಕ್ಕದಲ್ಲೇ ಹಾಕೋದು ಎಷ್ಟೋ ಕಡೆ ನಡಿಯತ್ತೆ, ದೋಣಿಯವರಿಗೆ ಕೆಲಸ ಸುಲಭ ಅಂತ, ಅದು ತಪ್ಪು ಜಾಗ.

ಇಷ್ಟೆಲ್ಲಾ ಇಟ್ಕೊಂಡು ಈಗ ದೊಡ್ಡ ಹಡಗು ಮುಳುಗಿಸೋ ಯೋಜನೆಗಳನ್ನ ನೋಡಿ. ಅಮೆರಿಕ 2006ರಲ್ಲಿ ಒರಿಸ್ಕನಿ ಅನ್ನೋ ವಿಮಾನವಾಹಕ ನೌಕೆನ ಫ್ಲಾರಿಡಾದ ಪೆನ್ಸಕೋಲಾ ಆಚೆ ಮುಳುಗಿಸ್ತು. ಡೈವಿಂಗ್‌ಗೆ ಅದ್ಭುತ ಜಾಗ, ದೊಡ್ಡ ಮೀನಿಗೂ ಇಷ್ಟ. ಆದ್ರೆ ಉಕ್ಕಿನ ನುಣುಪು ಗೋಡೆ, ಕೋಣೆಯಷ್ಟು ದೊಡ್ಡ ತೆರಪು, ಇದರಲ್ಲಿ ಮೂರು ಸೆಂಟಿಮೀಟರ್ ಮರಿಗೆ ಏನಿದೆ ಅಂತ ಕೇಳ್ಬೇಕು. ಅದೇ ಗಲ್ಫ್‌ನ ಉತ್ತರ ಭಾಗದ ಕೃತಕ ರೀಫ್‌ಗಳಲ್ಲಿ ಹೊರಗಿಂದ ಬಂದ ಲಯನ್‌ಫಿಶ್ ದಟ್ಟವಾಗಿ ಸೇರ್ಕೊಂಡಿದೆ, ಅದು ಮರಿಗಳನ್ನ ತಿನ್ನೋದರಲ್ಲಿ ಎತ್ತಿದ ಕೈ, ಆಲ್ಬಿನ್ಸ್ ಮತ್ತೆ ಹಿಕ್ಸನ್ 2008ರಲ್ಲಿ ಬಹಾಮಾಸ್‌ನಲ್ಲಿ ತೋರಿಸಿದ ಹಾಗೆ ಐದೇ ವಾರದಲ್ಲಿ ಹೊಸ ಮರಿಗಳ ಸೇರ್ಪಡೆ ಸರಾಸರಿ 79% ಇಳಿದಿತ್ತು. ಟೈರ್‌ಗಳದ್ದಂತೂ ದುರಂತವೇ. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ಆಚೆ 1970ರ ದಶಕದ ಶುರುವಲ್ಲಿ ಸುಮಾರು 20 ಲಕ್ಷ ಟೈರ್ ಹಾಕಿ ಆಸ್ಬೋರ್ನ್ ರೀಫ್ ಮಾಡಿದ್ರು, ಕಟ್ಟಿದ ಪಟ್ಟಿಗಳು ಕಿತ್ತುಹೋಗಿ ಟೈರ್‌ಗಳು ಬಿರುಗಾಳಿಗೆ ಉರುಳಾಡಿ ಪಕ್ಕದ ಜೀವಂತ ಹವಳವನ್ನೇ ಉಜ್ಜಿ ಹಾಳು ಮಾಡಿದ್ವು, 2007ರಿಂದ ಸೇನೆಯ ಡೈವರ್‌ಗಳು ಇಳಿದು ತೆಗೀಬೇಕಾಯ್ತು. ಅಲುಗಾಡೋ ವಸ್ತುವಿನ ಮೇಲೆ ಏನೂ ಬೆಳೆಯಲ್ಲ, ಬೆಳೆಯದ ಕಡೆ ಮರಿಗೆ ಊಟ ಇಲ್ಲ.

ದೊಡ್ಡದೆಲ್ಲಾ ಕೆಟ್ಟದು ಅಂತ ಮಾತ್ರ ತಿಳೀಬೇಡಿ. ಕ್ಯಾಲಿಫೋರ್ನಿಯಾ ಆಚೆಯ ತೈಲ ಪ್ಲಾಟ್‌ಫಾರ್ಮ್‌ಗಳ ಕಥೆ ನನಗೆ ತುಂಬಾ ಇಷ್ಟ. ಅವನ್ನ ಯಾರೂ ಮೀನಿಗೆ ಅಂತ ಕಟ್ಟಿದ್ದಲ್ಲ. ಆದ್ರೆ ತಳದಿಂದ ಮೇಲಿನವರೆಗೆ ನಿಂತ ಉಕ್ಕಿನ ಕಂಬಗಳ ಜಾಲ ಇದೆಯಲ್ಲ, ಅದರ ಮಧ್ಯದ ಎತ್ತರದಲ್ಲಿ ರಾಕ್‌ಫಿಶ್ ಮರಿಗಳು ರಾಶಿ ರಾಶಿ ಇರ್ತವೆ, ದೊಡ್ಡವು ತಳದಲ್ಲಿ ಇರ್ತವೆ, ಮಧ್ಯದಲ್ಲಿ ಬೇಟೆಗಾರರು ಕಮ್ಮಿ. ಒಂದೇ ರಚನೆ, ಎತ್ತರದ ಲೆಕ್ಕದಲ್ಲಿ ವಯಸ್ಸು ಬೇರೆ ಬೇರೆ ಆಗಿದೆ. ಬೊಕ್ಕಾಚಿಯೋ ಅನ್ನೋ ರಾಕ್‌ಫಿಶ್ ಜಾತಿಯ ಬಗ್ಗೆ 2006ರಲ್ಲಿ ಇಂಥದ್ದೇ ಒಂದು ಪ್ಲಾಟ್‌ಫಾರ್ಮ್ ಆದ ಐರೀನ್ ಸುತ್ತಲಿನ ಪ್ರವಾಹವನ್ನ ರೇಡಾರ್ ಮಾಹಿತಿಯಿಂದ ಲೆಕ್ಕ ಹಾಕಿ ನೋಡಿದಾಗ, ಅಲ್ಲಿ ನಿಂತ ಮರಿಗಳಲ್ಲಿ ಬಹುಪಾಲು ಆ ಕಂಬ ಸಿಗದಿದ್ರೆ ಆಳ ಸಮುದ್ರಕ್ಕೆ ಕೊಚ್ಚಿಹೋಗಿ ಸಾಯ್ತಿದ್ವು ಅಂತ ಗೊತ್ತಾಯ್ತು. ಇದು ಬಾನ್‌ಸ್ಯಾಕ್ ಪ್ರಶ್ನೆಗೆ ಸಿಕ್ಕ ನೇರ ಉತ್ತರಗಳಲ್ಲಿ ಒಂದು, ಇಲ್ಲಿ ನಿಜವಾಗ್ಲೂ ಮೀನು ಜಾಸ್ತಿ ಆಗ್ತಿದೆ.

ಇದಕ್ಕೆ ವಿರುದ್ಧ ಗಾತ್ರದಲ್ಲಿ, ಮೆಡಿಟರೇನಿಯನ್ ಬಂದರುಗಳಲ್ಲಿ ಬಯೋಹಟ್ ಅಂತ ಒಂದು ಪುಟ್ಟ ಪಂಜರ ಇದೆ. ಒಳಪಂಜರದಲ್ಲಿ ಸಿಂಪಿ ಚಿಪ್ಪು ತುಂಬಿರ್ತಾರೆ, ಅದರ ಹೊರಗೆ ಇನ್ನೊಂದು ಖಾಲಿ ಪಂಜರ. ಜೆಟ್ಟಿಯ ನುಣುಪು ಗೋಡೆಗೆ ಇದನ್ನ ತೂಗುಹಾಕ್ತಾರೆ. ಚಿಪ್ಪಿನ ಮೇಲೆ ಪಾಚಿ, ಸಣ್ಣ ಹುಳ, ಸಿಗಡಿ ಜಾತಿಯ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳು ಸೇರ್ತವೆ, ಅದು ಮರಿಗೆ ಊಟ. ಹೊರಜಾಲರಿ ಮರಿಯನ್ನ ಒಳಗೆ ಬಿಡತ್ತೆ, ದೊಡ್ಡ ಮೀನನ್ನ ತಡೆಯತ್ತೆ, ಹಾಗಾಗಿ ಮರಿ ಊಟದ ಪಕ್ಕದಲ್ಲೇ ಹೆದರಿಕೆ ಇಲ್ಲದೆ ಇರಬಹುದು. ಬಿಲ ಮತ್ತೆ ಊಟದ ಮಧ್ಯದ ದೂರವನ್ನ ಹೆಚ್ಚುಕಮ್ಮಿ ಸೊನ್ನೆ ಮಾಡಿದ್ದಾರೆ. ಬರೀ ಗೋಡೆಗಿಂತ ಇಲ್ಲಿ ಮರಿಗಳು ದಟ್ಟವಾಗಿ ಸಿಕ್ಕಿವೆ.

ಮೇಲ್ಮೈ ಬಗ್ಗೆನೂ ಒಂದು ಮಾತು. ಹೊಸ ಕಾಂಕ್ರೀಟ್ ತುಂಬಾ ಕ್ಷಾರ, ಪಿಎಚ್ 12ರ ಮೇಲೆ, ಸಮುದ್ರದ ನೀರು 8.1ರ ಆಸುಪಾಸು. ಅದಕ್ಕೇ ಕ್ಷಾರ ಕಮ್ಮಿ ಮಾಡೋ ಮಿಶ್ರಣ ಬಳಸ್ತಾರೆ, ಮೇಲ್ಮೈನ ಒರಟು ಬಿಡ್ತಾರೆ, ಜೀವಿಗಳು ಬೇಗ ಅಂಟಿಕೊಳ್ಳಲಿ ಅಂತ.

ಇನ್ನೊಂದು ವಿಷಯ ಜನರಿಗೆ ಅಷ್ಟು ಗೊತ್ತಿಲ್ಲ, ಬಾಲ್ಯದಲ್ಲಿ ನೋಡಿದ ರಚನೆ ಮೀನಿನ ಸ್ವಭಾವವನ್ನೇ ತಿದ್ದತ್ತೆ. ವಿಕ್ಟೋರಿಯಾ ಬ್ರೈತ್‌ವೇಟ್ ಮತ್ತೆ ಸಾಲ್ವಾನೆಸ್ 2005ರಲ್ಲಿ ಕಾಡ್ ಮರಿಗಳನ್ನ ಎರಡು ಥರ ಸಾಕಿದ್ರು, ಕೆಲವು ಬೋಳು ಟ್ಯಾಂಕ್‌ನಲ್ಲಿ, ಕೆಲವು ಕಲ್ಲು ಮತ್ತೆ ಪ್ಲಾಸ್ಟಿಕ್ ಕಡಲಪಾಚಿ ಇಟ್ಟ ಟ್ಯಾಂಕ್‌ನಲ್ಲಿ, ಊಟದ ಜಾಗನೂ ಬದಲಾಯಿಸ್ತಾ. ಬದಲಾವಣೆ ಕಂಡು ಬೆಳೆದವು ಹೊಸ ಜಾಗವನ್ನ ಬೇಗ ಪರೀಕ್ಷೆ ಮಾಡಿದ್ವು, ಗಾಬರಿ ಆದ್ಮೇಲೆ ಬೇಗ ಚೇತರಿಸಿಕೊಂಡ್ವು. ಮರಿ ಸಾಕಿ ತಂದು ರೀಫ್ ಮೇಲೆ ಬಿಡೋ ಯೋಜನೆ ಮಾಡೋರು ಇದನ್ನ ಗಮನಿಸ್ಲೇಬೇಕು, ಬೋಳು ತೊಟ್ಟಿಯಲ್ಲಿ ಬೆಳೆದ ಮರಿಗೆ ಬಿಲ ಅಂದ್ರೇನು ಅನ್ನೋದೇ ಹೊಸದು.

ಕೊನೇದಾಗಿ, ರೀಫ್ ಕೆಲಸ ಮಾಡ್ತಿದೆಯಾ ಅಂತ ಹೇಗೆ ನೋಡೋದು. ಒಟ್ಟು ಎಷ್ಟು ಮೀನು ಅಂತ ಎಣಿಸಿದ್ರೆ ಏನೂ ಗೊತ್ತಾಗಲ್ಲ, ಅಳತೆವಾರು ಎಣಿಸ್ಬೇಕು, ಮರಿ ಇಳಿಯೋ ಕಾಲದಲ್ಲಿ ಮತ್ತೆ ಮತ್ತೆ ಹೋಗಿ ಎಣಿಸ್ಬೇಕು, ಪಕ್ಕದ ನೈಸರ್ಗಿಕ ಬಂಡೆಯಲ್ಲೂ ಎಣಿಸ್ಬೇಕು, ಅಲ್ಲಿ ಕಮ್ಮಿ ಆಗಿ ಇಲ್ಲಿ ಜಾಸ್ತಿ ಆಗಿದ್ರೆ ಅದು ಬರೀ ವರ್ಗಾವಣೆ. ಮೀನಿನ ಕಿವಿಯೊಳಗೆ ಓಟೋಲಿತ್ ಅನ್ನೋ ಪುಟ್ಟ ಕಲ್ಲು ಇರತ್ತೆ, ಮರಿಗಳಲ್ಲಿ ಅದರ ಮೇಲೆ ದಿನಕ್ಕೊಂದು ಉಂಗುರ ಬೀಳತ್ತೆ, ತಳಕ್ಕೆ ಇಳಿದ ದಿನದ ಗುರುತೂ ಎಷ್ಟೋ ಜಾತಿಗಳಲ್ಲಿ ಕಾಣತ್ತೆ, ಅದನ್ನ ಓದಿದ್ರೆ ಈ ಮರಿ ಇಳಿದು ಎಷ್ಟು ದಿನ ಆಯ್ತು, ಚೆನ್ನಾಗಿ ಬೆಳೀತಾ ಇಲ್ವಾ ಗೊತ್ತಾಗತ್ತೆ. ಮತ್ತೆ ರೀಫ್ ಮೇಲೆ ಮೀನುಗಾರಿಕೆಗೆ ಕಡಿವಾಣ ಇಲ್ಲದಿದ್ರೆ ಗುಂಪಾಗಿರೋ ಮೀನನ್ನ ಬಾಚೋದು ಸುಲಭ, ಬೆಳೆದದ್ದು ಉಳಿಯೋದೇ ಇಲ್ಲ, ಎಣಿಕೆನೂ ಕೆಡತ್ತೆ. ಅದನ್ನ ತಡೆದ ಮೇಲೂ ಪ್ರತಿ ಸಲ ಎರಡು ಮೂರು ಸೆಂಟಿಮೀಟರ್ ಮರಿಗಳು ಬೇಕಾದಷ್ಟು ಕಂಡು, ಎಂಟು ಹತ್ತು ಸೆಂಟಿಮೀಟರ್‌ನವು ಕಾಣದೇ ಹೋದ್ರೆ, ಇನ್ನಷ್ಟು ಬ್ಲಾಕ್ ಸುರಿಯೋದಕ್ಕಿಂತ ಮುಂಚೆ ಡೈವರ್ ಕೈಯಲ್ಲಿ ಒಂದು ಅಳತೆಪಟ್ಟಿ ಕೊಟ್ಟು ಕಳಿಸಿ, ಆ ರೀಫ್‌ನಲ್ಲಿ ಮಧ್ಯದ ಅಳತೆಯ ಬಿಲ ಎಷ್ಟಿವೆ ಅಂತ ಬರ್ಕೊಂಡು ಬರಲಿ.